ಅಮಾವಾಸ್ಯೆಗೆ ಮಾಯವಾಗುತ್ತಿದ್ದ ಮೊಟ್ಟೆಗಳು

ಮೂರು ಟ್ಯಾಂಕಿನ ಮೊಟ್ಟೆಗಳೂ ಒಂದೇ ಬೆಳಿಗ್ಗೆ ಮಾಯವಾಗಿದ್ದವು. ಒಂದರಲ್ಲಿ ಮಾತ್ರ ಹೋಗಿದ್ದರೆ ಆ ಜೋಡಿಗೆ ಸಂಸಾರ ಮಾಡಲು ಬರುವುದಿಲ್ಲ ಎಂದು ಬೈದು ಸುಮ್ಮನಾಗಬಹುದಿತ್ತು. ಹಿಂದಿನ ಸಂಜೆ ನಾನೇ ಟಾರ್ಚ್ ಬಿಟ್ಟು ನೋಡಿದ್ದೆ. ಪ್ರತಿ ಟ್ಯಾಂಕಿನಲ್ಲೂ ಮಲಗಿಸಿಟ್ಟ ಹೂಕುಂಡದ ಒಳಮೈಗೆ ಸಾಸಿವೆಯಷ್ಟು ಗಾತ್ರದ, ಜೇನಿನ ಬಣ್ಣದ ಮೊಟ್ಟೆಗಳು ಸಾಲಾಗಿ ಅಂಟಿಕೊಂಡಿದ್ದವು. ತಾಯಿ ಮೀನು ಅವುಗಳ ಮುಂದೆ ನಿಂತು ರೆಕ್ಕೆಯಿಂದ ನೀರು ಬೀಸುತ್ತಿತ್ತು, ತಂದೆ ಮೀನು ನನ್ನ ಬೆರಳಿನ ಮೇಲೆ ಏರಿ ಬರುತ್ತಿತ್ತು. ಈಗ ಕುಂಡಗಳು ತೊಳೆದಿಟ್ಟಷ್ಟು ಬೋಳು. ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಂಕಾಗಿತ್ತು, ಮೇಲೆ ಬಣ್ಣ ಬಣ್ಣದ ತೆಳು ಪೊರೆ ತೇಲುತ್ತಿತ್ತು.

ಅಂಗಡಿಯವರು ಆರೆಂಜ್ ಕ್ರೋಮೈಡ್ ಎನ್ನುವ ಮೀನು ಅದು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಅರಿಶಿನಕ್ಕೆ ಕುಂಕುಮ ಬೆರೆಸಿದ ಬಣ್ಣ. ಹೊಳೆಯ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಕಲೆಯುವ ಅಳಿವೆಗಳಲ್ಲಿ ಅದರ ವಾಸ. ನಾನು ಹುಟ್ಟಿದ ಕುಂದಾಪುರದ ಕಡೆ ಇಂಥ ಮೀನು ಬಲೆಗೆ ಬಿದ್ದರೆ ಸಾರಿಗೂ ಸಾಲದೆಂದು ಎಸೆಯುತ್ತಿದ್ದರು. ಗುಜರಾತಿನಲ್ಲಿ ಅದನ್ನು ಗಾಜಿನೊಳಗಿಟ್ಟು ನೋಡಲು ಜನ ಕಾಯುತ್ತಾರೆ. ಸೂರತ್‌ನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟ ಶೇಠ್ ಒಬ್ಬರು ಇವನ್ನು ದಕ್ಷಿಣದಿಂದ ರೈಲಿನಲ್ಲಿ ತರಿಸುತ್ತಿದ್ದರು. ಅಳಿವೆಯಲ್ಲಿ ಹಿಡಿದ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಬರುವಷ್ಟರಲ್ಲಿ ಅರ್ಧಕ್ಕರ್ಧ ಸಾಯುತ್ತಿದ್ದವು. ಮೀನುಗಾರಿಕೆ ಓದಿದವಳು ನಾನು ಎಂದು ತಿಳಿದು, ಮೂರು ಜೋಡಿ ನನ್ನ ಕೈಗಿಟ್ಟು, ಅಕ್ಕ ಎನ್ನುವಂತೆ ಬೆನ್ ಎಂದು ಕರೆದು ಹೇಳಿದ್ದರು:

"ಬೆನ್, ಮನೇಲಿ ಹುಟ್ಟಿದ ಮರಿ ಕೊಡಿ. ಅದು ನಮ್ಮ ನೀರಿಗೆ ಒಗ್ಗಿರ್ತದೆ. ದೀವಾಳಿ ಒಳಗೆ ಮರಿ ನೋಡಿದ್ರೆ ಇನ್ಮೇಲೆ ಎಲ್ಲಾ ನಿಮ್ಮ ಹತ್ರಾನೇ. ಆಗಲಿಲ್ಲ ಅಂದ್ರೆ ಬೇಜಾರು ಬೇಡ, ಜೋಡಿ ವಾಪಸ್ ಕೊಟ್ಬಿಡಿ."

ಗಂಡನ ಬ್ಯಾಂಕಿನ ವರ್ಗಾವರ್ಗಿಯಲ್ಲಿ ಊರೂರು ತಿರುಗಿ, ಪ್ರತಿ ಊರಿನಲ್ಲೂ ಹೊಸದಾಗಿ ಕೆಲಸ ಹುಡುಕಿ ಸೋತ ನನಗೆ ಇದು ಎಲ್ಲಿಗೆ ಹೋದರೂ ಜೊತೆಗೆ ಒಯ್ಯಬಹುದಾದ ಕೆಲಸವಾಗಿ ಕಂಡಿತ್ತು. ಆಸೆ ಬಹಳ ಇತ್ತು, ಸುಳ್ಳು ಯಾಕೆ ಹೇಳಲಿ.

ವಡೋದರದಲ್ಲಿ ನಾವಿದ್ದದ್ದು ಒಂದು ಮನೆಯ ಕೆಳಭಾಗದಲ್ಲಿ. ಮೇಲೆ ಮನೆಯೊಡತಿ, ಅವರ ಮಗ, ಸೊಸೆ. ಒಡತಿಯನ್ನು ನಾನು ಮಾಸಿ ಎನ್ನುತ್ತಿದ್ದೆ. ಚಿಕ್ಕಮ್ಮ ಎಂದ ಹಾಗೆ. ಅವರಿಗೆ ನಾನು ದೀಕರಿ, ಎಂದರೆ ಮಗಳು. ಹಿತ್ತಲ ಕಡೆ ಅವರದೊಂದು ಉಗ್ರಾಣದ ಕೋಣೆ ಇತ್ತು. ವರ್ಷಕ್ಕಾಗುವ ಗೋಧಿಯನ್ನು ಬೇಸಿಗೆಯಲ್ಲೇ ಕೊಂಡು, ಹುಳ ಬೀಳದಂತೆ ಹರಳೆಣ್ಣೆ ಸವರಿ ಪೀಪಾಯಿಗಳಲ್ಲಿ ತುಂಬಿಡುವುದು ಇಲ್ಲಿನ ಮನೆಗಳ ರೂಢಿ. ಆ ಪೀಪಾಯಿಗಳನ್ನು ಒಂದು ಗೋಡೆಗೆ ಸರಿಸಿ ಉಳಿದ ಜಾಗ ನನಗೆ ಕೊಟ್ಟರು. ಬಾಡಿಗೆ ಕೇಳಲಿಲ್ಲ, ಒಂದು ಮಾತು ಮಾತ್ರ ತೆಗೆದುಕೊಂಡರು.

"ನನ್ನ ಧಾನ್ಯ ಇರೋ ಜಾಗ, ದೀಕರಿ. ಮೀನು ಸಾಕು, ಬೇಡ ಅನ್ನಲ್ಲ. ಆದ್ರೆ ಇಲ್ಲಿ ಜೀವ ತೆಗೆಯೋ ಕೆಲಸ ಆಗಬಾರದು."

ಒಪ್ಪಿದೆ. ದೊಡ್ಡ ಮೀನಿಗೆ ಒಣಕಾಳು ಎನ್ನುವ ಅಂಗಡಿಯ ಸಿದ್ಧ ಆಹಾರ, ಬೇಯಿಸಿದ ಬಟಾಣಿ, ಪಾಲಕ್ ಸಾಕಾಗುತ್ತಿತ್ತು. ಒಣಕಾಳಿನಲ್ಲಿ ಮೀನಿನ ಪುಡಿಯೂ ಇರುತ್ತದೆ; ಅದನ್ನು ಮಾಸಿ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಮರಿಗಳಾದ ಮೇಲೆ ಏನು ಎಂಬುದು ಆಮೇಲಿನ ಮಾತು ಎಂದುಕೊಂಡಿದ್ದೆ.

ಮೊಟ್ಟೆ ಹೋದ ದಿನ ನಾನು ಅನುಮಾನ ಪಟ್ಟಿದ್ದು ನೀರನ್ನು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದಕ್ಕೇ ಡ್ರಮ್ಮಿನಲ್ಲಿ ಹಿಡಿದು ಗಾಳಿ ಬಿಟ್ಟು ಹಳೆಯದಾಗಿಸಿಯೇ ಬಳಸುತ್ತಿದ್ದೆ. ಉಪ್ಪೂ ಅಡಿಗೆಯ ಪುಡಿಯುಪ್ಪಲ್ಲ. ಸಮುದ್ರದ ಖನಿಜಗಳೆಲ್ಲ ಇರುವ ಅಕ್ವೇರಿಯಂ ಉಪ್ಪು. ಹೈಡ್ರೋಮೀಟರ್ ಇಳಿಬಿಟ್ಟು ನೋಡಿದೆ. ಉಪ್ಪಿನ ಪ್ರಮಾಣ ಸರಿಯಿತ್ತು. ಕರೆಂಟು ಹೋಗಿ ಏರ್ ಪಂಪ್ ನಿಂತಿತ್ತೇ ಎಂದು ಮಾಸಿಯ ಸೊಸೆಯನ್ನು ಕೇಳಿದೆ, ಇಲ್ಲ ಎಂದಳು. ಮೊಟ್ಟೆಗೆ ಬೂಸ್ಟು ಬಂದು ಕೊಳೆತಿರಬೇಕು, ಕೊಳೆತದ್ದರಿಂದ ನೀರು ಮಂಕಾಗಿರಬೇಕು, ಕೊಳೆತ ಮೊಟ್ಟೆಯನ್ನು ತಂದೆ ತಾಯಿಯೇ ತಿಂದು ಚೊಕ್ಕ ಮಾಡಿರಬೇಕು ಎಂದು ತೀರ್ಮಾನಿಸಿದೆ. ಪೊರೆಯನ್ನು ಹಳೆಯ ಪೇಪರ್ ಹಾಸಿ ಎತ್ತಿ ಬಿಸಾಡಿದೆ.

ಈ ಮೀನುಗಳ ಒಂದು ಒಳ್ಳೆಯ ಗುಣವೆಂದರೆ ಮೊಟ್ಟೆ ಹೋದರೆ ಬಹಳ ದಿನ ದುಃಖ ಪಡುವುದಿಲ್ಲ. ಕೆಲವೇ ವಾರಗಳಲ್ಲಿ ಮತ್ತೆ ಕುಂಡ ಉಜ್ಜತೊಡಗಿದವು. ಎರಡು ಜೋಡಿ ಮೊಟ್ಟೆ ಇಟ್ಟವು. ಒಂದು ಬೆಳಿಗ್ಗೆ ಮಾರುಕಟ್ಟೆಯಿಂದ ತರಕಾರಿ ತಂದು ಕೋಣೆಗೆ ಹೋದರೆ ಅದೇ ಕಥೆ: ಬೋಳು ಕುಂಡ, ಮಂಕು ನೀರು, ಬಣ್ಣದ ಪೊರೆ. ಮೊಟ್ಟೆಯೇ ಇಲ್ಲದ ಮೂರನೆಯ ಟ್ಯಾಂಕಿನ ನೀರೂ ಮಂಕಾಗಿತ್ತು. ಅದನ್ನು ನೋಡಿದೆ, ಆದರೆ ಅದರ ಅರ್ಥ ಏನೆಂದು ಕೇಳಿಕೊಳ್ಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೊಂದು ದೊಡ್ಡ ವಿಷಯ ಸಿಕ್ಕಿಬಿಟ್ಟಿತ್ತು.

ಅದನ್ನು ಕೊಟ್ಟವರು ನನ್ನ ಗಂಡ. ಅವತ್ತು ಬ್ಯಾಂಕಿಗೆ ಹೊರಟವರು, ಹೊಸ ಮಿಕ್ಸಿ ತರಲು ಹೇಳಿದ್ದಕ್ಕೆ, "ಇವತ್ತ್ ಅಮಾಸಿ ಮಾರಾಯ್ತಿ, ಹೊಸ್ತ್ ಎಂತದೂ ತಪ್ಪುದ್ ಬೇಡ, ನಾಳೆ ಕಾಂಬ" ಎಂದರು. ನಾನು ಕೈಯಲ್ಲಿದ್ದ ಹಿಡಿಕೆಯ ಪುಟ್ಟ ಬಲೆ ಹಾಗೇ ಹಿಡಿದು ನಿಂತೆ. ಊರಿನಿಂದ ತಂದ ಗೋಡೆಯ ಕ್ಯಾಲೆಂಡರ್ ತಿರುವಿದೆ. ಹಿಂದಿನ ಸಲ ಮೊಟ್ಟೆ ಹೋದದ್ದೂ ಅಮಾವಾಸ್ಯೆ!

ಕರಾವಳಿಯಲ್ಲಿ ಬೆಳೆದವರಿಗೆ ಅಮಾವಾಸ್ಯೆ ಎಂದರೆ ಮೊದಲು ನೆನಪಾಗುವುದು ನೀರು. ಹುಣ್ಣಿಮೆ ಅಮಾವಾಸ್ಯೆಗೆ ಭರತ ಜೋರು, ಹೊಳೆಯೊಳಗೆ ಉಪ್ಪುನೀರು ದೂರದವರೆಗೆ ಏರಿ ಬರುತ್ತದೆ. ಅಳಿವೆಯ ಮೀನಿನ ರಕ್ತದಲ್ಲೇ ಆ ಲೆಕ್ಕ ಇರಬೇಕಲ್ಲ? ನೀರು ಏರುವ ದಿನ ಬಂದಿತು, ಆದರೆ ನೀರು ಏರಲಿಲ್ಲ; ಏನೋ ಅನಾಹುತವಾಗಿದೆ ಎಂದು ಗಾಬರಿ ಬಿದ್ದು ಮೊಟ್ಟೆ ತಿಂದುಬಿಡುತ್ತವೆ. ಎಷ್ಟು ಚೆಂದದ ಯೋಚನೆ! ಮೊಟ್ಟೆ ಹೋದ ಬೇಜಾರೂ ಮರೆತುಹೋಯಿತು. ಹುಣ್ಣಿಮೆಗೆ ಏಕೆ ಹೀಗಾಗುವುದಿಲ್ಲ ಎಂಬ ಪ್ರಶ್ನೆ ಬಂದದ್ದು ನಿಜ. ಬಂದ ದಾರಿಯಲ್ಲೇ ಅದನ್ನು ಕಳಿಸಿಕೊಟ್ಟೆ.

ಗಂಡನಿಗೆ ವಿವರಿಸಿದಾಗ ಅವರು ಊಟದ ತಟ್ಟೆಯಿಂದ ತಲೆ ಎತ್ತಿದರು.

"ಸಮುದ್ರ ಎಲ್ಲಿತ್ತ್, ವಡೋದರ ಎಲ್ಲಿತ್ತ್! ಗೋಧಿ ಡ್ರಮ್ಮಿನ್ ಹಿಂದೆ ಕೂಕಂಡ ಮೀನಿಗೆ ಚಂದ್ರ ಎಲ್ಲಿ ಕಾಣತ್ತ್?"

"ಕಾಣುಕೆ ಬೇಡ. ಮೈಗೆ ಗೊತ್ತಾತ್ತ್," ಎಂದೆ.

"ಹಾಂಗಾರೆ ಸರಿ. ನಂಗೂ ಸಂಬಳದ ದಿನ ಮೈಗೆ ಗೊತ್ತಾತ್ತ್."

ನಕ್ಕರೆ ನಗಲಿ ಎಂದು, ಭರತಕ್ಕೆ ಉಪ್ಪು ಎಷ್ಟು ಏರುತ್ತದೆಂದು ಅಳೆಯಲು ಬೆಳಗಿನ ರೈಲು ಹಿಡಿದು ಸೂರತ್‌ಗೆ ಹೋದೆ. ಶೇಠ್ ತಮ್ಮ ಗಾಡಿಯಲ್ಲಿ ಹಜೀರಾ ಕಡೆಯ ಕೆಸರು ತೀರಕ್ಕೆ ಕರೆದೊಯ್ದರು. ಒಂದು ಕಡೆ ಕಾರ್ಖಾನೆಗಳ ಚಿಮಣಿ, ಇನ್ನೊಂದು ಕಡೆ ಕಣ್ಣು ಹಾಯುವವರೆಗೆ ಕಂದು ಕೆಸರು. ನಮ್ಮೂರಲ್ಲಿ ಇಳಿತವೆಂದರೆ ನೀರು ಒಂದಿಷ್ಟು ಹಿಂದೆ ಸರಿಯುವುದು. ಇಲ್ಲಿ ಸಮುದ್ರವೇ ಮನೆ ಖಾಲಿ ಮಾಡಿಕೊಂಡು ಹೋದಂತಿತ್ತು. ಕೆಸರಿನ ಮೇಲೆ ಕಪ್ಪೆಯ ಕಣ್ಣಿನ ಮೀನುಗಳು ರೆಕ್ಕೆಯೂರಿ ನಡೆದಾಡುತ್ತಿದ್ದವು. ಇಳಿತದ ನೀರು ಒಂದು ಬಾಟಲಿ, ಮಧ್ಯಾಹ್ನ ಗದ್ದಲ ಮಾಡುತ್ತ ಏರಿ ಬಂದ ನೀರು ಇನ್ನೊಂದು ಬಾಟಲಿ ಹಿಡಿದು ಅಳೆದೆ. ಎರಡಕ್ಕೂ ಉಪ್ಪಿನಲ್ಲಿ ಒಳ್ಳೆಯ ವ್ಯತ್ಯಾಸ. ನನ್ನ ಅಮಾವಾಸ್ಯೆಯ ಲೆಕ್ಕವನ್ನೆಲ್ಲ ಕೇಳಿ, ನನ್ನ ಖುಷಿ ಕಂಡು ಶೇಠ್ ಕೇಳಿದರು: "ಮರಿ ಆಯ್ತಾ ಬೆನ್?" ಇನ್ನೂ ಇಲ್ಲ ಎಂದೆ. "ಮುಂದಿನ ಅಮಾಸ ಕಳೆದ್ರೆ ದೀವಾಳಿಗೆ ಟೈಮ್ ಎಲ್ಲಿದೆ? ಮರಿ ದೊಡ್ಡದಾಗೋಕೂ ದಿನ ಬೇಕಲ್ಲ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸಿಟ್ಟಿಲ್ಲದೆ ಹೇಳಿದವರು ಹೇಳಿದಂತೆ ಮಾಡುತ್ತಾರೆ.

ಹೀಗಾಗಿ ಮುಂದಿನ ಅಮಾವಾಸ್ಯೆಗೆ ನಾನು ವಡೋದರದಲ್ಲಿ ಭರತ ಏರಿಸಲು ಸಿದ್ಧಳಾದೆ. ಆ ಹೊತ್ತಿಗೆ ಒಂದೇ ಜೋಡಿ ಮೊಟ್ಟೆ ಇಟ್ಟಿತ್ತು. ಉಳಿದೆರಡು ಜೋಡಿ ಬರೀ ಜಗಳವಾಡುತ್ತಿದ್ದವು. ಪೀಪಾಯಿಯ ಮೇಲೆ ಉಪ್ಪುನೀರಿನ ಬಕೆಟ್ ಇಟ್ಟು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಇಳಿಸುವ ನಳಿಗೆಯನ್ನು ಟ್ಯಾಂಕಿಗೆ ಬಿಟ್ಟೆ. ಹನಿ ಹನಿಯಾಗಿ ಉಪ್ಪು ಏರಬೇಕು, ನೀರಿನ ಮಟ್ಟವೂ ಏರಬೇಕು, ಆಮೇಲೆ ಇಳಿಯಬೇಕು. ಅದಕ್ಕಾಗಿ ಅವತ್ತು ಮಾರುಕಟ್ಟೆಗೆ ಹೋಗದೆ ಬೆಳಿಗ್ಗೆಯೇ ಕೋಣೆಯಲ್ಲಿ ಕೂತೆ.

ಬಾಗಿಲು ತೆರೆಯಿತು. ಸ್ನಾನ ಮಾಡಿ ಒಗೆದ ಸೀರೆಯುಟ್ಟ ಮಾಸಿ, ಕೈಯಲ್ಲಿ ಸ್ಟೀಲಿನ ಬಟ್ಟಲು ಹಿಡಿದು, ಮೊಣಕಾಲು ನೋವಿಗೆ ಬಾಗಿಲ ಚೌಕಟ್ಟು ಹಿಡಿಯುತ್ತ ಒಳಗೆ ಬಂದರು. ನನ್ನನ್ನು ಕಂಡು ಮುಖ ಅರಳಿತು.

"ಅರೇ, ನೀನೂ ಇದ್ದೀಯಾ! ಒಳ್ಳೇದೇ ಆಯ್ತು ದೀಕರಿ. ಕೈ ಚಾಚು, ನೀನೂ ಹಾಕು. ಇವತ್ತು ಅಮಾಸ."

ನನ್ನ ಅಂಗೈಗೆ ಹಿಟ್ಟಿನ ಗೋಲಿಗಳು ಬಿದ್ದವು. ಗೋಧಿ ಹಿಟ್ಟು. ನೀರಲ್ಲಿ ಬೇಗ ಕರಗದಿರಲೆಂದು ಎಣ್ಣೆ ಹಾಕಿ ನಾದಿದ್ದು. ಮೂಗಿನ ಹತ್ತಿರ ತಂದೆ: ಹರಳೆಣ್ಣೆ.

ಆ ಕ್ಷಣದಲ್ಲಿ ನನ್ನ ಚಂದ್ರ, ಭರತ, ಹಜೀರಾದ ಎರಡು ಬಾಟಲಿ ಎಲ್ಲವೂ ನೆಲ ಕಚ್ಚಿದವು. ನಗು ಉಕ್ಕಿ ಬಂತು, ಅದರ ಬೆನ್ನಿಗೇ ಅಳು. ನಾನು ಎಲ್ಲವನ್ನೂ ತಲೆಕೆಳಗಾಗಿ ಓದಿದ್ದೆ. ಮೊಟ್ಟೆ ಕೊಳೆತು ನೀರು ಮಂಕಾದದ್ದಲ್ಲ. ಹಿಟ್ಟು ಕದಡಿ ನೀರು ಮೊದಲು ಮಂಕಾಗಿತ್ತು, ಮೇಲೆ ಎಣ್ಣೆ ಪೊರೆ ಕಟ್ಟಿ ಗಾಳಿ ಒಳಗಿಳಿಯುವುದು ನಿಂತಿತ್ತು, ಉಸಿರುಗಟ್ಟಿದ ಮೀನುಗಳು ಮೊಟ್ಟೆಯ ಆಸೆ ಬಿಟ್ಟು ತಾವೇ ತಿಂದುಬಿಟ್ಟಿದ್ದವು. ಮೊಟ್ಟೆ ಇಲ್ಲದ ಟ್ಯಾಂಕೂ ಮಂಕಾದದ್ದಕ್ಕೆ ಬೇರೆ ಕಾರಣ ಎಲ್ಲಿಂದ ಬರಬೇಕು!

ಮಾಸಿ ಇದನ್ನು ಕದ್ದು ಮಾಡಿರಲಿಲ್ಲ. ಕೋಣೆ ಅವರದು, ಕೀಲಿಯೂ ಅವರ ಹತ್ತಿರ ಇತ್ತು, ಅವರ ಸ್ನಾನ ಮುಗಿಯುವ ಹೊತ್ತಿಗೆ ನಾನು ಮಾರುಕಟ್ಟೆಯಲ್ಲಿರುತ್ತಿದ್ದೆ, ಅಷ್ಟೆ. ಗಂಡ ಬದುಕಿದ್ದಾಗ ಪ್ರತಿ ಅಮಾವಾಸ್ಯೆಗೆ ಇಬ್ಬರೂ ಕೆರೆಗೆ ಹೋಗಿ ಮೀನಿಗೆ ಹಿಟ್ಟು ಹಾಕುತ್ತಿದ್ದರಂತೆ. ಅವರು ಹೋದ ಮೇಲೆ ಅವರ ಹೆಸರಿನಲ್ಲಿ ಹಾಕತೊಡಗಿದರು. ಮೊಣಕಾಲು ಕೈಕೊಟ್ಟ ಮೇಲೆ ಕೆರೆ ತಪ್ಪಿತು. ಬೆಳಗಿನ ಹೊತ್ತು ಮಗನಿಗೂ ಸೊಸೆಗೂ ಕೆಲಸಕ್ಕೆ ಓಡುವ ಗಡಿಬಿಡಿ, ಇವರು ಬಾಯಿಬಿಟ್ಟು ಕೇಳಲಿಲ್ಲ.

"ಆಮೇಲೆ ನೀನು ಮೀನನ್ನ ಮನೆಗೇ ತಂದೆ," ಎಂದರು ಮಾಸಿ. "ಅವರೇ ಕಳಿಸಿದ್ರು ಅಂದುಕೊಂಡೆ."

ಅಂಗೈಯಲ್ಲಿ ಗೋಲಿ, ಎದುರಿಗೆ ಮೊಟ್ಟೆ. ಬೇಡ ಎಂದರೆ ಅವರ ಒಂದೇ ನೇಮ ಮುರಿಯುತ್ತದೆ, ಹಾಕಿದರೆ ನನ್ನ ಕೊನೆಯ ಅವಕಾಶ ಮುಳುಗುತ್ತದೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಮಾಸಿ, ಇದು ಬಾಣಂತಿ ಮನೆ. ಒಳಗೆ ಮೊಟ್ಟೆ ಇದೆ. ಈಗ ಇವಕ್ಕೆ ಹಿಟ್ಟು ಆಗಲ್ಲ, ಪಥ್ಯ."

ಮಾಸಿ ಕೈ ಸರಕ್ಕನೆ ಹಿಂದೆ ತೆಗೆದರು. ಮೂವರು ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ ಅದು, ಪಥ್ಯ ಎಂದರೆ ಮತ್ತೆ ಮಾತಿಲ್ಲ. ಆದರೆ ಬಟ್ಟಲಿನತ್ತ ನೋಡಿದ ಅವರ ಮುಖ ಬಾಡಿತು. ನಾನು ನಳಿಗೆಯ ತಿರುಪು ಬಿಗಿದು ನನ್ನ ಭರತವನ್ನು ಅಲ್ಲಿಗೇ ನಿಲ್ಲಿಸಿದೆ. "ಸ್ಕೂಟರ್ ಮೇಲೆ ಕೂತ್ಕೊಳ್ಳೋಕೆ ಆಗುತ್ತಾ?" ಎಂದು ಕೇಳಿದೆ. ಕೆರೆಯ ಮೆಟ್ಟಿಲ ಮೇಲೆ ಅವರು ಬಹಳ ಹೊತ್ತು ನಿಂತು, ಒಂದೊಂದೇ ಗೋಲಿ ಎಸೆದು, ಗಂಡನ ಹೆಸರು ಹೇಳಿಕೊಂಡರು.

ಮೊಟ್ಟೆ ಉಳಿದವು. ಕೆಲವು ದಿನಗಳಲ್ಲಿ ಒಡೆದು, ಬಾಲ ಮಿಡಿಯುವ ಕಣ್ಣುಳ್ಳ ಚುಕ್ಕೆಗಳಾದವು. ತಂದೆ ತಾಯಿ ಅವನ್ನು ಬಾಯಲ್ಲಿ ಎತ್ತಿ ಮರಳಿನ ಗುಳಿಗೆ ಒಯ್ದು ಇಳಿಸುವುದು, ಇನ್ನೊಂದು ಗುಳಿ ತೋಡಿ ಅಲ್ಲಿಗೆ ಸಾಗಿಸುವುದು. ಮಾಸಿಗೆ ಈಗ ದಿನವೂ ಅಲ್ಲಿ ಕೆಲಸ. ಗಿಡ್ಡ ಮಣೆ ತಂದು ಟ್ಯಾಂಕಿನ ಮುಂದೆ ಕೂತು, ತಾಯಿ ಮೀನು ತಿಂದಿತೋ ಇಲ್ಲವೋ ಎಂದು ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದರು.

ಮರಿಗಳು ಗುಂಪಾಗಿ ಈಜತೊಡಗಿದಾಗ, ಮುಂದೂಡಿದ್ದ ಮಾತು ಎದುರಿಗೆ ಬಂದು ನಿಂತಿತು. ಸಾಮಾನ್ಯವಾಗಿ ಈ ಹಂತದಲ್ಲಿ ಮರಿಗಳನ್ನು ಬೇರೆ ಟ್ಯಾಂಕಿಗೆ ತೆಗೆದು, ಉಪ್ಪುಗದ್ದೆಯಲ್ಲಿ ಸಿಗುವ ಒಂದು ಜಾತಿಯ ಸೀಗಡಿಯ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಒಡೆಸಿ, ಕಣ್ಣಿಗೆ ಕಂಡೂ ಕಾಣದ ಅದರ ಮರಿಗಳನ್ನು ಜೀವಂತ ತಿನ್ನಿಸುತ್ತಾರೆ. ಆ ಮೊಟ್ಟೆಗಳ ಡಬ್ಬಿ ನನ್ನ ಅಡಿಗೆಮನೆಯ ಮೇಲಿನ ಕಪಾಟಿನಲ್ಲಿತ್ತು. ಅಡಿಗೆಮನೆಯಲ್ಲೇ ಒಡೆಸಬಹುದಿತ್ತು, ಲೋಟದಲ್ಲಿ ತಂದು ಸುರಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಣೆಯ ಮೇಲೆ ಕೂತವರ ಬೆನ್ನ ಹಿಂದೆ ಅದನ್ನು ಮಾಡಲು ನನ್ನಿಂದಾಗಲಿಲ್ಲ. ಮರಿಗಳನ್ನು ತಂದೆ ತಾಯಿಯ ಜೊತೆಗೇ ಬಿಡಲು ನಿರ್ಧರಿಸಿದೆ. ತಿಂದರೆ ತಿನ್ನಲಿ, ಉಳಿದರೆ ಉಳಿಯಲಿ.

ಮರುದಿನವೇ ಮಾಸಿ ಕೂಗಿದರು: "ದೀಕರಿ, ಇಲ್ಲಿ ಬಾ! ಮರಿ ತಾಯಿನ ಕಚ್ತಾ ಇವೆ!"

ಕಚ್ಚುತ್ತಿರಲಿಲ್ಲ. ಮರಿಗಳು ತಾಯಿಯ ಪಕ್ಕೆಗೆ ಮುತ್ತಿ, ಮೂತಿಯಿಂದ ತಟ್ಟಿ, ಹಿಂದೆ ಸರಿದು ಮತ್ತೆ ಬರುತ್ತಿದ್ದವು. ಮೀನಿನ ಮೈಮೇಲಿನ ಲೋಳೆಯನ್ನು ತಿನ್ನುತ್ತಿದ್ದವು. ತಾಯಿ ಕದಲದೆ ನಿಂತಿತ್ತು. ಸ್ವಲ್ಪ ಹೊತ್ತಿಗೆ ತಂದೆ ಬಂದು ನಿಂತಿತು, ಮರಿಗಳು ಅದರ ಮೈಗೆ ಹೋದವು. ನಾನು ಇದನ್ನು ಪಾಠದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಮಾಸಿಗೆ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡಿದರು. "ಗಂಡಸೂ ಹಾಲು ಕೊಡ್ತಾನಾ!" ಎಂದರು.

ಆದರೆ ಲೋಳೆಯೊಂದೇ ಬಹಳ ದಿನ ಸಾಲುವುದಿಲ್ಲ. ಒಣಕಾಳನ್ನು ಬಟ್ಟೆಯಲ್ಲಿ ಸೋಸಿ ಪುಡಿ ಹಾಕಿದೆ, ಮರಿಗಳು ಮುಟ್ಟಲಿಲ್ಲ. ಬಟಾಣಿಯ ತಿಳಿ ಹಾಕಿದೆ, ಬಾಯಿಗೆ ತೆಗೆದುಕೊಂಡು ಉಗುಳಿದವು. ಅವಕ್ಕೆ ಎದುರಿಗೆ ಅಲುಗಾಡುವುದೇ ಬೇಕು. ಹೊಟ್ಟೆಗಳು ಒಳಗೆ ಸೇರಿದವು, ಗುಂಪಿನ ಹಿಂದೆ ಬೀಳುವ ಮರಿಗಳು ಹೆಚ್ಚಾದವು. ತಾಯಿಯ ಪಕ್ಕೆಯ ಬಣ್ಣ ಮಂಕಾಗಿ, ಅಲ್ಲಲ್ಲಿ ತರಚಿದಂತಾಯಿತು.

ಒಂದು ಮಧ್ಯಾಹ್ನ ಮಾಸಿ ಮಣೆಯಿಂದಲೇ ಕೇಳಿದರು: "ಯಾಕೆ ಸೊರಗ್ತಾ ಇವೆ?" ಇದ್ದದ್ದನ್ನು ಇದ್ದಂತೆ ಹೇಳಿದೆ, ಏನು ತಿನ್ನಬೇಕು, ಅದು ಜೀವ, ಅದರ ಮೊಟ್ಟೆಯ ಡಬ್ಬಿ ನನ್ನ ಅಡಿಗೆಮನೆಯಲ್ಲಿದೆ ಎಂಬುದನ್ನೂ. ಅವರು ಬೇರೆಯದನ್ನೇ ಕೇಳಿದರು.

"ಮೊದಲೂ ನಾನು ಹಿಟ್ಟು ಹಾಕಿದ್ನಲ್ಲ. ಆಗಲೂ ಇಲ್ಲಿ ಮೊಟ್ಟೆ ಇತ್ತಾ?"

ಇರಲಿಲ್ಲ ಎಂದುಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇತ್ತು ಮಾಸಿ."

"ಎರಡೂ ಸಲ?"

"ಎರಡೂ ಸಲ."

ಪೀಪಾಯಿಗೆ ಕೈಯೂರಿ ಎದ್ದು ಮೇಲೆ ಹೋದರು. ಮರುದಿನ ಕೆಳಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮಣೆ ಖಾಲಿ ಇತ್ತು. ಅವರ ಗಂಡನ ಹೆಸರಿನ ಪುಣ್ಯವನ್ನು ನಾನು ಒಂದೇ ಮಾತಿನಲ್ಲಿ ಹಾಳು ಮಾಡಿದ್ದೆ. ಕೋಣೆಯೂ ಹೋಯಿತು ಎಂದು ಗಂಡನಿಗೆ ಹೇಳಿದೆ. ಅವರು ಎಂದಿನಂತೆ ತಮಾಷೆ ಮಾಡಲಿಲ್ಲ. "ನಿಜ ಹೇಳಿದ್ಯಲ್ದಾ, ಇನ್ನ್ ಕಾಯ್ಕ್ ಅಷ್ಟೆ" ಎಂದರು. ಶೇಠ್ ಅವರಿಗೆ ಫೋನ್ ಮಾಡಿ ಜೋಡಿಗಳನ್ನು ಒಯ್ಯಲು ಹೇಳುವುದೆಂದುಕೊಂಡು, ಟ್ಯಾಂಕಿನ ಮುಂದೆ ನಿಂತಿದ್ದೆ.

ಬಾಗಿಲಲ್ಲಿ ಮಾಸಿಯ ದನಿ ಕೇಳಿತು. "ಆ ಡಬ್ಬಿ ಎಲ್ಲಿದೆ?"

ತಂದು ತೋರಿಸಿದೆ. ಕಂದು ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹೇಗೆ ಒಡೆಯುತ್ತದೆ, ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಬಾಟಲಿಗೆ ಉಪ್ಪುನೀರು ಹಾಕಿ, ಗಾಳಿಯ ನಳಿಗೆ ಬಿಟ್ಟು, ಅವರ ಗೋಧಿ ಪೀಪಾಯಿಯ ಪಕ್ಕದಲ್ಲೇ ಇಟ್ಟೆ. ಅವರು ಬೇಡ ಎನ್ನಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಾಟಲಿಯ ತಳದಲ್ಲಿ ಕಿತ್ತಳೆ ಬಣ್ಣದ ಮೋಡ ತುಯ್ಯುತ್ತಿತ್ತು. ಮಾಸಿ ಮಣೆಯ ಮೇಲೆ ಕೂತಿದ್ದರು. ನಾನು ಬಟ್ಟೆಯಲ್ಲಿ ಸೋಸಿ, ಲೋಟದಲ್ಲಿ ಹಿಡಿದು ನಿಂತೆ.

"ನಾನು ಗೊತ್ತಿಲ್ಲದೆ ಕೊಂದೆ. ನೀನು ಗೊತ್ತಿದ್ದು ಕೊಲ್ತೀಯ," ಎಂದರು ಮಾಸಿ. "ಯಾವುದು ದೊಡ್ಡದೋ ಭಗವಾನ್ ನೋಡಿಕೊಳ್ಳಲಿ. ಇವಕ್ಕೆ ಹಸಿವಾಗಿದೆ." ಮಣೆಯನ್ನು ಎತ್ತಿ ತಿರುಗಿಸಿಟ್ಟು, ಪೀಪಾಯಿಗಳ ಕಡೆ ಮುಖ ಮಾಡಿ ಕೂತರು. "ಹಾಕು."

ಹಾಕಿದೆ. ಮರಿಗಳು ಒಂದು ಗಳಿಗೆ ಸುಮ್ಮನಿದ್ದವು. ಆಮೇಲೆ ತಾಯಿಯ ಪಕ್ಕೆ ಬಿಟ್ಟು ನುಗ್ಗಿದವು. ಗಾಜಿನಂಥ ಹೊಟ್ಟೆಗಳು ಒಂದೊಂದಾಗಿ ಕಿತ್ತಳೆಯಾದವು.

"ತಿಂದವಾ?" ಎಂದು ಕೇಳಿದರು ಗೋಡೆಯ ಕಡೆಯಿಂದಲೇ.

"ತಿಂದವು, ಮಾಸಿ."

"ಹಿಂದೆ ಬೀಳ್ತಿದ್ದ ಮರಿಗಳು?"

ಬಗ್ಗಿ ನೋಡಿದೆ. "ಅವೂ ತಿಂದವು."

ಮಾಸಿ ಆಗ ಈ ಕಡೆ ತಿರುಗಿದರು.